ಹೆಂಚು ಕೈಯಾಡಿಸಿದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅವರು ಹೇಳದೆ ಬಿಟ್ಟ ಮೂರನೆಯದೊಂದಿದೆ: ಬಾಡಿಗೆಗೆ ಕೊಟ್ಟ ಮನೆಯನ್ನು ರಿಪೇರಿ ಮಾಡಿಸಿ ನೋಡು. ಮನೆ ಕಟ್ಟುವವನಿಗೆ ಮುಂದೆ ಅದರಲ್ಲಿ ತಾನು ಮಲಗುವೆನೆಂಬ ಆಸೆಯಾದರೂ ಇರುತ್ತದೆ. ಮದುವೆ ಮಾಡುವವನಿಗೆ ನಾಲ್ಕು ಜನ ಉಂಡು ಹರಸಿ ಹೋದರೆಂಬ ತೃಪ್ತಿಯಾದರೂ ಉಂಟು. ಬಾಡಿಗೆ ಮನೆಯ ರಿಪೇರಿಯಲ್ಲಿ ಇವೆರಡೂ ಇಲ್ಲ. ಖರ್ಚು ಒಬ್ಬರದು, ಸೂರು ಇನ್ನೊಬ್ಬರದು. ಆದ್ದರಿಂದಲೇ ಲೋಕದಲ್ಲಿ ಬಾಡಿಗೆಯ ಮನೆಗಳೆಲ್ಲ 'ಮುಂದಿನ ಯುಗಾದಿ'ಯವರೆಗೆ ಸೋರುತ್ತಲೇ ಇರುತ್ತವೆ.

ನಾನೂ ಇಂಥ ಒಬ್ಬ ಯುಗಾದಿ ಮಾಲೀಕ. ನಾನಿರುವುದು ಮೈಸೂರಿನಲ್ಲಿ, ಮನೆಯಿರುವುದು ಬದನಗುಪ್ಪೆಯಲ್ಲಿ. ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲಿನಲ್ಲಿ ಕುಳಿತು, ನಂಜನಗೂಡನ್ನೂ ಕವಲಂದೆಯನ್ನೂ ದಾಟಿ, ಇನ್ನೇನು ಚಾಮರಾಜನಗರ ಬಂದೀತು ಎನ್ನುವಷ್ಟರಲ್ಲಿ ಸಿಕ್ಕುವ ಸಣ್ಣ ನಿಲ್ದಾಣವೇ ಬದನಗುಪ್ಪೆ. ಎಕ್ಕದ ಗಿಡಗಳೂ ಎರೆಹೊಲಗಳೂ ಇರುವ ಬಯಲುಸೀಮೆಯ ಊರು. ನನ್ನ ತಾತ ಅಲ್ಲಿ ಕಟ್ಟಿಸಿದ ಮನೆ ನನ್ನ ಪಾಲಿಗೆ ಬಂತು. ಬಂದದ್ದು ಮನೆಯಷ್ಟೇ ಅಲ್ಲ, ಅದರ ಬಗ್ಗೆ ಜಂಬ ಕೊಚ್ಚಿಕೊಳ್ಳುವ ಹಕ್ಕೂ ಬಂತು. ಎರಡನೆಯದನ್ನು ನಾನು ಧಾರಾಳವಾಗಿ ಚಲಾಯಿಸಿದ್ದೇನೆ.

ಜಂಬಕ್ಕೆ ಕಾರಣ ಆ ಮನೆಯ ನೆತ್ತಿ. ಊರಿನಲ್ಲಿ ಬಹುಪಾಲು ಮನೆಗಳಿಗೆ ಆ ಕಾಲದಲ್ಲಿ ನಾಡಹೆಂಚು ಹೊದಿಸಿತ್ತಂತೆ. ಕುಂಬಾರರು ತಿಗರಿಯ ಮೇಲೆ ಮಾಡಿ ಸುಟ್ಟ, ಅರ್ಧ ಕೊಳವೆಯಂತಿರುವ ಹೆಂಚು ಅದು. ಕೋತಿ ಓಡಾಡಿದರೆ ಜರುಗಿತು, ಬೆಕ್ಕು ಹಾರಿದರೆ ಒಡೆಯಿತು. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಆಳು ಹತ್ತಿಸಿ ಹೆಂಚು ಕೈಯಾಡಿಸದಿದ್ದರೆ ಒಳಗೆ ಪಾತ್ರೆಗಳನ್ನು ಸಾಲಾಗಿ ಇಡಬೇಕಾಗುತ್ತಿತ್ತು. ನಮ್ಮ ತಾತ ಮಾತ್ರ ಮಂಗಳೂರು ಹೆಂಚು ಹೊದಿಸಿದರು. ಅದೂ ಸಾಲದೆಂದು, ಹೆಂಚಿನ ಕೆಳಗೆ ಇನ್ನೊಂದು ಹಾಸು ಸೀಲಿಂಗ್ ಹೆಂಚು ಹಾಕಿಸಿದರು. ಇದನ್ನು ಕಾಣದ ಓದುಗರಿಗಾಗಿ ಒಂದು ಮಾತು: ಮೇಲೆ ಮಳೆ ತಡೆಯುವ ಹೆಂಚು, ಅದರ ಅಡಿಯಲ್ಲಿ ತೆಳ್ಳಗೆ ಚಪ್ಪಟೆಯಾಗಿರುವ ಇನ್ನೊಂದು ಹೆಂಚು, ಎರಡರ ನಡುವೆ ಒಂದಿಷ್ಟು ಗಾಳಿ. ಬೇಸಿಗೆಯ ಕಾವು ಆ ಗಾಳಿಯಲ್ಲಿ ಅಷ್ಟಿಷ್ಟು ತಡೆದು ನಿಲ್ಲುತ್ತದೆ. ಧೂಳು, ಎಲೆ, ಇಲಿಯ ಹಿಕ್ಕೆ ಊಟದ ಎಲೆಗೆ ಬೀಳುವುದಿಲ್ಲ. ಕೆಳಗೆ ಕಾಣುವ ಮುಖದ ಮೇಲೆ ಅಚ್ಚೊತ್ತಿದ ಚೌಕಗಳು, ಚೌಕದೊಳಗೊಂದು ಹೂವು. ನಮ್ಮೂರಿನವರು ಅದನ್ನು ಹೂಹೆಂಚು ಎನ್ನುತ್ತಿದ್ದರು. ನಮ್ಮದು ಹೂಹೆಂಚಿನ ಮನೆ.

ಬೇಸಿಗೆ ರಜೆಯಲ್ಲಿ ನಾನು ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿ ಆ ಹೂಗಳನ್ನು ಎಣಿಸುತ್ತಿದ್ದೆ. ಒಮ್ಮೆಯೂ ಲೆಕ್ಕ ಮುಗಿಯಲಿಲ್ಲ. ಒಂದು ಮೂಲೆಗೆ ಹೋಗುವಷ್ಟರಲ್ಲಿ ಅಲ್ಲಿ ಕತ್ತಲೆ ಕವಿದು ಹೂವು ಕಾಣದಂತಾಗುತ್ತಿತ್ತು. ಇಲ್ಲವೇ ನಿದ್ದೆ ಬರುತ್ತಿತ್ತು. ಆ ಕತ್ತಲೆಯನ್ನು ಆಗ ನಾನು ತಂಪು ಎಂದೇ ತಿಳಿದಿದ್ದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ನನ್ನ ಮುಖಭಂಗವಾಗುವುದಿದೆ.

ಇನ್ನೊಂದು ಜಂಬ ಹೆಂಚಿನ ವಯಸ್ಸಿನದು. ಚಿಕ್ಕಂದಿನಲ್ಲಿ ಒಮ್ಮೆ ಹೆಂಚು ಇಳಿಸಿದಾಗ ಅದರ ಬೆನ್ನಿನ ಮೇಲೆ ೧೮೬೫ ಎಂದು ಅಚ್ಚಾಗಿದ್ದುದನ್ನು ನೋಡಿದ್ದೆ. ಅಂದಿನಿಂದ ನಮ್ಮ ಮನೆಯ ಹೆಂಚು ನೂರಾರು ವರ್ಷದ್ದೆಂದು ಕಂಡಕಂಡವರಿಗೆ ಹೇಳುತ್ತ ಬಂದೆ. ಯಾರೂ ಅಲ್ಲಗಳೆಯಲಿಲ್ಲ. ಕಡೆಗೆ ಮಂಗಳೂರಿನ ಕಡೆಯ ಮಿತ್ರರೊಬ್ಬರು ನಕ್ಕು ಬಿಡಿಸಿ ಹೇಳಿದರು. ೧೮೬೫ ಹೆಂಚು ಹುಟ್ಟಿದ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ! ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಎಂಬಾತ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ನೆಚ್ಚಿ ಹೆಂಚಿನ ಕಾರ್ಖಾನೆ ತೆರೆದದ್ದು ಆ ವರ್ಷ. ಒಂದರ ಅಂಚಿನ ಕಾಲುವೆಯಲ್ಲಿ ಇನ್ನೊಂದರ ಏಣು ಕೂತು ಬೀಗದಂತೆ ಹಿಡಿದುಕೊಳ್ಳುವ ಈ ಹೆಂಚಿನ ಉಪಾಯ ಅದಕ್ಕೂ ಹಿಂದಿನದು. ಫ್ರಾನ್ಸಿನ ಆಲ್ಸೇಸ್ ಸೀಮೆಯ ಗಿಲಾರ್ಡೋನಿ ಸಹೋದರರು ೧೮೪೧ರಲ್ಲಿ ಕಂಡುಹಿಡಿದದ್ದು. ಮತಾಂತರವಾಗಿ ಕುಲಕಸುಬನ್ನು ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂದು ಮಿಷನ್ನಿನವರು ನೇಯ್ಗೆಯ ಜೊತೆಗೆ ಹೆಂಚಿನ ಕೆಲಸವನ್ನೂ ಹಿಡಿದರು. ಒಂದನೆಯ ಮಹಾಯುದ್ಧದ ಬಳಿಕ ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಕಾರ್ಖಾನೆ ಕೈ ಬದಲಾದರೂ ಹೆಂಚಿನ ಬೆನ್ನಿನ ಇಸವಿ ಬದಲಾಗಲಿಲ್ಲ.

ಇಷ್ಟು ತಿಳಿಯಲು ನನಗೆ ಮಂಗಳೂರಿನ ಮಿತ್ರರು ಬೇಕಿರಲಿಲ್ಲ. ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲು ಬಂದದ್ದೇ ೧೯೨೬ರಲ್ಲಿ. ತಾತನ ಹೆಂಚು ರೈಲಿನಲ್ಲಿ ಬಂದು ಬದನಗುಪ್ಪೆಯಲ್ಲಿ ಇಳಿಯಿತು, ಅಲ್ಲಿಂದ ಗಾಡಿಯಲ್ಲಿ ಹುಲ್ಲು ಹಾಸಿ ತಂದರು ಎಂದು ಅಜ್ಜಿ ನೂರು ಸಲ ಹೇಳಿದ್ದರು. ಅಂದಮೇಲೆ ಹೆಂಚು ಅದಕ್ಕಿಂತ ಮೊದಲು ಮನೆ ಏರಿರುವುದು ಹೇಗೆ? ಎರಡೂ ಸಂಗತಿಗಳು ನನ್ನ ತಲೆಯಲ್ಲಿ ಅಕ್ಕಪಕ್ಕದಲ್ಲೇ ಇದ್ದವು. ಒಂದನ್ನೊಂದು ಮಾತಾಡಿಸಿರಲಿಲ್ಲ ಅಷ್ಟೆ. ಮನುಷ್ಯ ತನ್ನ ಮನೆಯ ವಿಚಾರದಲ್ಲಿ ಲೆಕ್ಕ ಹಾಕುವುದಿಲ್ಲ.

ತಂದೆತಾಯಿ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ಬೀಗ ಹಾಕಿದ ಮನೆ ಬೇಗ ಹಾಳಾಗುತ್ತದೆ. ಊರಿನ ಮಗ್ಗುಲಿಗೆ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಬಂದಮೇಲೆ, ಎಂದೂ ಬಾಡಿಗೆಯೆಂಬ ಮಾತೇ ಕೇಳದಿದ್ದ ಹಳ್ಳಿಯಲ್ಲಿ ಬಾಡಿಗೆಗೆ ಮನೆ ಕೇಳುವವರು ಹುಟ್ಟಿಕೊಂಡರು. ಯಳಂದೂರಿನ ಕಡೆಯ ಒಂದು ಎಳೆಯ ದಂಪತಿಗಳಿಗೆ ನಮ್ಮ ಮನೆಯನ್ನು ಕೊಟ್ಟೆ. ಗಂಡ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಹೆಂಡತಿಯೂ ಹೋಗುತ್ತಿದ್ದಳು, ಮಗುವಾದ ಮೇಲೆ ಬಿಟ್ಟಳು. ಬಾಡಿಗೆ ತಿಂಗಳಿಗೆ ಮೂರೂವರೆ ಸಾವಿರ. ಹನ್ನೊಂದು ತಿಂಗಳಿಗೊಮ್ಮೆ ಹೊಸ ಕರಾರುಪತ್ರ. ಅದರಲ್ಲಿ ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯಬಾರದು ಎಂದಿತ್ತು. ನೆತ್ತಿಯ ವಿಚಾರ ಏನೂ ಇರಲಿಲ್ಲ.

ಮೊದಲನೆಯ ವರ್ಷವೇ ಆ ಹುಡುಗ, ನಡುಮನೆಯಲ್ಲಿ ಮೇಲಿನಿಂದ ಕೆಂಪು ಪುಡಿ ಉದುರುತ್ತದೆ ಎಂದಿದ್ದ. ಹಳೆಯ ಮನೆ, ಉದುರುತ್ತದಪ್ಪ ಎಂದೆ. ಎರಡನೆಯ ವರ್ಷ, ಒಂದು ಸೀಲಿಂಗ್ ಹೆಂಚು ಮೂಲೆ ಬಿಟ್ಟು ವಾಲಿದೆ ಎಂದ. ಯುಗಾದಿ ಕಳೆಯಲಿ, ಮಳೆಗೆ ಮುಂಚೆ ಕೈಯಾಡಿಸೋಣ ಎಂದೆ. ಯುಗಾದಿ ಬಂತು, ಹೋಯಿತು. ಅಲ್ಲಿಂದಾಚೆಗೆ ಅವನು ಆ ಮಾತೆತ್ತಲಿಲ್ಲ. ದೂರು ನಿಂತಿತೆಂದರೆ ತೊಂದರೆ ನಿಂತಿತೆಂದು ತಿಳಿಯುವುದು ಮಾಲೀಕರ ಲಕ್ಷಣ. ನಾನೂ ಹಾಗೆಯೇ ತಿಳಿದೆ.

ಮೇ ತಿಂಗಳಿನ ಒಂದು ಬೆಳಗ್ಗೆ ಅವನೇ ಫೋನು ಮಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಸಾರ್, ರಾತ್ರಿ ಮಳೆಗಾಳಿಗೆ ಒಂದು ಹೆಂಚು ಬಿತ್ತು. ತೊಟ್ಲು ಪಕ್ಕಕ್ಕೆ ಬಿತ್ತು. ಏನೂ ಆಗ್ಲಿಲ್ಲ. ಒಂದ್ಸಲ ಬಂದ್ ನೋಡೀರಾ?" ಎಂದ.

ನಾನು ಬೆಳಗಿನ ರೈಲು ಹಿಡಿದೆ. ನನ್ನ ಚಿಕ್ಕಂದಿನಲ್ಲಿ ಈ ಹಾದಿ ಮೀಟರ್‌ಗೇಜು. ರೈಲು ನಂಜನಗೂಡಿನಲ್ಲಿ ನೀರು ಕುಡಿದು ಸುಧಾರಿಸಿಕೊಂಡು ಹೊರಡುತ್ತಿತ್ತು. ೨೦೦೮ರಲ್ಲಿ ಬ್ರಾಡ್‌ಗೇಜಾದ ಮೇಲೆ ಬೇಗ ತಲುಪುತ್ತದೆ. ಅಂದು ಅದು ಬೇಗ ತಲುಪಿದ್ದು ನನಗೆ ಸಮಾಧಾನವಾಗಲಿಲ್ಲ.

ಮನೆಯಲ್ಲಿ ಆ ಹುಡುಗಿ ಒಬ್ಬಳೇ ಇದ್ದಳು. ಬಿದ್ದ ಹೆಂಚಿನ ಚೂರುಗಳನ್ನೆಲ್ಲ ಗುಡಿಸಿ ಒಂದು ಮೊರದಲ್ಲಿ ತುಂಬಿ ಜಗಲಿಯ ಮೇಲಿಟ್ಟಿದ್ದಳು, ನಾನು ನೋಡಲೆಂದು. ದೊಡ್ಡ ಚೂರು ಅಂಗೈಯಷ್ಟಿತ್ತು. ಅದರಲ್ಲಿ ಅರ್ಧ ಹೂವು. ನಡುಮನೆಗೆ ಹೋದೆ. ತೊಲೆಯಲ್ಲಿ ಒಂದು ಕಬ್ಬಿಣದ ಬಳೆ ಇದೆ. ಅದಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿದ್ದರು. ಈಗ ಜೋಲಿಯನ್ನು ಬಿಚ್ಚಿ ಬಾಗಿಲ ಬಳಿ ಚಾಪೆಯ ಮೇಲೆ ಮಗುವನ್ನು ಮಲಗಿಸಿದ್ದಳು. ನೆಲದ ಗಾರೆಯಲ್ಲಿ ಹೆಂಚು ಬಿದ್ದ ಕಡೆ ಸಣ್ಣ ಗುಳಿಯಾಗಿತ್ತು. ಆ ಗುಳಿಗೂ ತೊಲೆಯ ಬಳೆಯ ನೇರಕ್ಕೂ ನನ್ನ ಎರಡು ಗೇಣು.

ನಾನು ಮೊದಲು ಆಡಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. "ಜೋಲಿ ಜೋರಾಗಿ ತೂಗಿದರೆ ಜಂತೆ ಅಲುಗುತ್ತದವ್ವ," ಎಂದೆ. ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಆಗುತ್ತಿತ್ತು. ಆ ಬಳೆಯನ್ನು ತೊಲೆಗೆ ಹೊಡೆಸಿದವರು ನನ್ನ ಅಜ್ಜಿ. ಅದಕ್ಕೆ ಕಟ್ಟಿದ ತೊಟ್ಟಿಲಲ್ಲಿ ನನ್ನ ತಂದೆಯನ್ನು ತೂಗಿದ್ದರು, ನನ್ನನ್ನು ತೂಗಿದ್ದರು. ಆಗ ಹೆಂಚು ಬೀಳಲಿಲ್ಲ.

ಸಂಜೆ ಮೈಸೂರಿಗೆ ಬಂದು ನನ್ನ ವಕೀಲಮಿತ್ರರಿಗೆ ಈ ಸಂಗತಿ ಹೇಳಿದೆ. ಧೈರ್ಯ ಹೇಳಿಯಾರೆಂಬುದು ನನ್ನ ಎಣಿಕೆ. ಅವರು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯನ್ನು ತೆಗೆದರು. ಅದರ ೧೦೮ನೆಯ ಕಲಮಿನ ಪ್ರಕಾರ, ಮಾಲೀಕನು ತಾನು ಮಾಡಲು ಬದ್ಧನಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿಕೊಂಡು ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. "ಬದ್ಧನಾದ ಎನ್ನುವುದನ್ನು ಗಮನಿಸು. ನಿನ್ನ ಕರಾರಿನಲ್ಲಿ ರಿಪೇರಿಯ ಮಾತೇ ಇಲ್ಲವಲ್ಲ, ಸದ್ಯಕ್ಕೆ ನೀನು ಪಾರು," ಎಂದರು. ಕಾಯಿದೆಯಿಂದ ಪಾರಾದದ್ದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಗೇಣಿನ ಲೆಕ್ಕ ಆ ಕಲಮಿನಲ್ಲಿ ಎಲ್ಲಿಯೂ ಇರಲಿಲ್ಲ.

ಮೂರನೆಯ ದಿನ ಚಾಮರಾಜನಗರದಿಂದ ಒಬ್ಬ ಮುದಿ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಆತ ಏಣಿ ಹತ್ತಿ, ನಾಲ್ಕು ಹೆಂಚು ಸರಿಸಿ, ಒಳಗೆ ಕೈಯಿಟ್ಟು ರಿಪೀಸಿನ ಒಂದು ಪಟ್ಟಿಯನ್ನು ಮುರಿದು ತಂದ. ಬೆರಳಲ್ಲಿ ಹಿಚುಕಿದ. ಅದು ರಾಗಿಹಿಟ್ಟಿನಂತೆ ಉದುರಿತು.

"ನೋಡಿ ಸ್ವಾಮಿ, ಹೆಂಚು ಕೆಟ್ಟಿಲ್ಲ. ಅದ ಹೊತ್ಕಂಡಿರೋ ಮರ ಕೆಟ್ಟದ. ಗೆದ್ಲು ತಿಂದು ಎಷ್ಟು ಕಾಲಾಯ್ತೋ," ಎಂದ.

ಎರಡು ವರ್ಷದಿಂದ ಉದುರುತ್ತಿದ್ದ ಕೆಂಪು ಪುಡಿ ಹೆಂಚಿನದಾಗಿರಲಿಲ್ಲ, ಮರದ್ದು. ನನಗೆ ಪುಡಿ ತೋರಿಸಿದವರಿದ್ದರು. ಅದು ಯಾವುದರ ಪುಡಿಯೆಂದು ಬಗ್ಗಿ ನೋಡುವ ಕೆಲಸ ನನ್ನದಾಗಿತ್ತು. ಮಂಗಳೂರು ಹೆಂಚಿನ ಭಾರ ಕಡಮೆಯಲ್ಲ. ಒಂದೊಂದೂ ಎರಡು, ಎರಡೂವರೆ ಕಿಲೋ ತೂಗುತ್ತದೆ. ನೂರು ಚದರಡಿಗೆ ನೂರೈವತ್ತರ ಹತ್ತಿರ ಬೇಕು. ನಡುಮನೆಯ ಮೇಲೆ ಮುನ್ನೂರು ಹೆಂಚು, ಅದರಡಿಯ ಹೂಹೆಂಚು ಸೇರಿದರೆ ಒಂದು ಟನ್ನಿನ ಆಸುಪಾಸು. ಮಳೆ ನೆನೆದರೆ ಇನ್ನೂ ಹೆಚ್ಚು. ಅಷ್ಟು ಭಾರವನ್ನು ಗೆದ್ದಲು ತಿಂದು ಬಿಟ್ಟ ಪಟ್ಟಿಗಳ ಮೇಲೆ ನಿಲ್ಲಿಸಿ, ಕೆಳಗೆ ಒಂದು ಸಂಸಾರವನ್ನು ಮಲಗಿಸಿ, ನಾನು ಮೈಸೂರಿನಲ್ಲಿ ಹೂಹೆಂಚಿನ ಕತೆ ಹೇಳುತ್ತಿದ್ದೆ.

ಮೇಸ್ತ್ರಿ ದಾರಿಗಳನ್ನು ಹೇಳಿದ. ಎಲ್ಲ ಕೆಡವಿ ಆರ್‌ಸಿಸಿ ಹಾಕುವುದು ಒಂದು. ಅದು ನನ್ನ ಕೈಮೀರಿದ್ದು. ಹೂಹೆಂಚು ತೆಗೆದು ಪ್ಲಾಸ್ಟಿಕ್ಕಿನದೋ ಜಿಪ್ಸಮ್ಮಿನದೋ ಹಲಗೆ ಹೊಡೆಯುವುದು ಇನ್ನೊಂದು. ಅದರ ಹಿಂದೆ ಇಲಿಗಳು ನೆಮ್ಮದಿಯಾಗಿ ಸಂಸಾರ ಹೂಡುತ್ತವೆಂದು ಆತನೇ ಹೇಳಿದ. ಎಲ್ಲಕ್ಕಿಂತ ಅಗ್ಗದ್ದು ಮೂರನೆಯದು. "ಹೆಂಚೆಲ್ಲ ಮಾರ್ಬುಡಿ. ಸಿಮೆಂಟ್ ಶೀಟ್ ಹಾಕುದ್ರ ಎರಡು ದಿನದ ಕೆಲ್ಸ."

ಸಿಮೆಂಟು ಶೀಟೆಂದರೆ ಕಲ್ನಾರಿನ ಶೀಟು. ಇಲ್ಲಿ ನನಗೆ ಮಾತಾಡುವ ಅವಕಾಶ ಸಿಕ್ಕಿತು, ಬಿಡಲಿಲ್ಲ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮ ದೇಶದಲ್ಲಿ ಅದರ ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದನ್ನು ೧೯೮೬ರಲ್ಲಿಯೇ ನಿಲ್ಲಿಸಿದರು, ಆದರೂ ಹೊರಗಿನಿಂದ ನಾರು ತರಿಸಿ ಶೀಟು ಮಾಡುವುದು ನಿಂತಿಲ್ಲ. ಶೀಟು ಗಟ್ಟಿಯಾಗಿರುವಷ್ಟು ದಿನ ಸುಮ್ಮನಿರುತ್ತದೆ. ಕೊರೆದಾಗ, ಕೊಯ್ದಾಗ, ಒಡೆದಾಗ, ಹಳತಾಗಿ ಮೈ ಪುಡಿಯಾದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರಿ ಎದೆಗೂಡಿನೊಳಗೆ ಹೋಗಿ ಕೂರುತ್ತದೆ. ಕಾಯಿಲೆ ತಲೆದೋರುವುದು ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ. ಇದನ್ನೆಲ್ಲ ಜಗಲಿಯ ಮೇಲೆ ನಿಂತು ಒಂದು ಸಣ್ಣ ಭಾಷಣವಾಗಿಯೇ ಹೇಳಿದೆ. ಮಗು ಮಲಗುವ ಮನೆಗೆ ನಾನು ಅದನ್ನು ಹಾಕಿಸುವವನಲ್ಲ ಎಂದು ಮುಗಿಸಿದೆ. ಮೇಸ್ತ್ರಿ ತಲೆದೂಗಿದ.

ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಹುಡುಗಿ ಕೇಳಿದಳು: "ಒಲೆಮನೆ ಮ್ಯಾಲಿರೋದೂ ಅದೇ ಶೀಟಲ್ವಾ ಸಾರ್?"

ಅದೇ ಶೀಟು. ಹಿತ್ತಿಲ ಕಡೆಗೆ ಇಳಿಜಾರಾಗಿ ಒಂದು ಒಲೆಮನೆಯನ್ನು ನನ್ನ ತಂದೆ ೧೯೮೦ರ ದಶಕದಲ್ಲಿ ಕಟ್ಟಿಸಿದ್ದರು. ಅದರ ಮೇಲೆ ನಾಲ್ಕು ಕಲ್ನಾರಿನ ಶೀಟು. ಒಂದರ ತುದಿ ತೆಂಗಿನ ಗರಿ ಬಿದ್ದು ಮುರಿದು ಎಷ್ಟೋ ವರ್ಷವಾಗಿತ್ತು. ಹಬೆಗೆ ಹೊಗೆಗೆ ಅದರ ಒಳಮೈ ಕಪ್ಪಾಗಿ ಹಕ್ಕಳೆ ಎದ್ದಿತ್ತು. ಬಂದಾಗಲೆಲ್ಲ ನಡುಮನೆಯ ಹೂವನ್ನು ನೋಡಿ ಹಿಂದಿರುಗುತ್ತಿದ್ದ ನಾನು ಒಲೆಮನೆಯೊಳಗೆ ತಲೆಯೆತ್ತಿ ನೋಡಿದ್ದೇ ಇಲ್ಲ. ಆ ಹುಡುಗಿ ದಿನಕ್ಕೆ ಎರಡು ಹೊತ್ತು ಅದರ ಕೆಳಗೆ ಮುದ್ದೆ ತೊಳಸುತ್ತಾಳೆ. ಭಾಷಣ ಮಾಡಿದ ಬಾಯಿಗೆ ಆಮೇಲೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಹೀಗೆ, ಒಂದು ಹೆಂಚು ಹಾಕಿಸಲು ಹೋದವನು ಎರಡು ಸೂರು ಹಿಡಿದುಕೊಂಡೆ. ಆಕೆಯೂ ಮಗುವೂ ಹದಿನೈದು ದಿನ ತವರಿಗೆ ಹೋದರು; ಗಂಡ ಪಡಸಾಲೆಯಲ್ಲಿ ಮಲಗಿದ. ಮೊದಲು ಶೀಟಿನ ಕೆಲಸ. ಗರಗಸ ಮುಟ್ಟಬಾರದು, ಸುತ್ತಿಗೆ ಮುಟ್ಟಬಾರದು, ಮೇಲಿನಿಂದ ಕೆಡವಬಾರದು ಎಂದು ನಾನು ಕಟ್ಟಪ್ಪಣೆ ಮಾಡಿದೆ. ಬಾಯಿಗೆ ಮುಸುಕು ಕಟ್ಟಿಕೊಂಡು, ಶೀಟಿನ ಮೇಲೆ ನೀರು ಹನಿಸಿ ನೆನಸಿ, ಕೊಕ್ಕೆಯ ಬೋಲ್ಟುಗಳನ್ನು ಬಿಚ್ಚಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿತ್ತಿಲ ಮೂಲೆಗೆ ಒರಗಿಸಿದರು. ಪಕ್ಕದ ಮನೆಯವರು, "ಎಸೆಯೋದಾದ್ರ ನಮ್ ಕೊಟ್ಟಿಗೆಗೆ ಕೊಡಿ ಸ್ವಾಮಿ," ಎಂದು ಕೇಳಿದರು. ಕೊಡುವುದಿಲ್ಲವೆಂದೆ. ಕೆಲಸಕ್ಕೆ ಬಾರದ ವಸ್ತುವನ್ನೂ ಕೊಡದ ಜಿಪುಣನೆಂದು ಈಗ ಊರಿನಲ್ಲಿ ನನಗೆ ಹೆಸರು ಬಂದಿದೆ. ಆ ಕಟ್ಟು ಇನ್ನೂ ಅಲ್ಲೇ ಇದೆ. ಅದಕ್ಕೆ ತಕ್ಕ ಜಾಗ ಹುಡುಕುತ್ತಿದ್ದೇನೆ. ಹಾಕುವುದಕ್ಕೆ ಎರಡು ದಿನ ಸಾಕಾದ ವಸ್ತುವನ್ನು ಕಳೆಯುವುದಕ್ಕೆ ಎಷ್ಟು ದಿನ ಬೇಕೋ!

ಒಲೆಮನೆಗೆ ಹೆಂಚು ಹೊದಿಸಬೇಕಾದರೆ ಇಳಿಜಾರು ಹೆಚ್ಚಬೇಕು. ಶೀಟಿಗೆ ಸ್ವಲ್ಪ ಓಟ ಸಾಕು. ಹೆಂಚಿಗೆ ಅಷ್ಟು ಸಾಲದು, ಗಾಳಿಮಳೆಗೆ ನೀರು ಹಿಮ್ಮೆಟ್ಟಿ ಸಂದಿಯಲ್ಲಿ ನುಗ್ಗುತ್ತದೆ. ಹಿಂಗೋಡೆಯನ್ನು ಎತ್ತರಿಸಿ ಜಂತೆ ಕೂರಿಸಬೇಕಾಯಿತು. ಮಲೆನಾಡಿನಂತೆ ಇಲ್ಲಿ ತಿಂಗಳುಗಟ್ಟಲೆ ಮಳೆ ಹಿಡಿಯುವುದಿಲ್ಲ, ನಿಜ. ಆದರೆ ಮೇ ತಿಂಗಳಿನಲ್ಲಿಯೂ ದಸರೆಯ ಆಚೆಈಚೆಯೂ ಬೀಳುವ ಗುಡುಗಿನ ಮಳೆ, ಕೊಡದಲ್ಲಿ ಸುರಿದಂತೆ ಒಂದೇ ಗಂಟೆಯಲ್ಲಿ ಮನೆಯ ಗುಟ್ಟನ್ನೆಲ್ಲ ಹೊರಗೆಡಹುತ್ತದೆ.

ಆಮೇಲೆ ನಡುಮನೆ. ಹೆಂಚುಗಳನ್ನು ಒಂದೊಂದಾಗಿ ಕೈಯಿಂದ ಕೈಗೆ ಇಳಿಸಿದರು. ಹಳೆಯ ಪಟ್ಟಿಗಳನ್ನೆಲ್ಲ ಕಿತ್ತರು. ಜಂತೆಗಳಲ್ಲಿ ಎರಡು ಒಳಗೆಲ್ಲ ಪೊಳ್ಳು. ಹೊರಗಿನ ಬಣ್ಣ ಮಾತ್ರ ಗಟ್ಟಿ. ಹೊಸ ಮರಕ್ಕೆ ಗೆದ್ದಲಿನ ಔಷಧಿ ಬಳಿದು ಏರಿಸಿದ್ದಾಯಿತು. ಮೇಸ್ತ್ರಿ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದೊಂದು ಹೂಹೆಂಚನ್ನೂ ಎಡಗೈಯಲ್ಲಿ ತೂಗಿ ಹಿಡಿದು ಬಲಗೈ ಗೆಣ್ಣಿನಿಂದ ತಟ್ಟುತ್ತಿದ್ದ. ಕಂಚಿನಂತೆ ಠಣ್ ಎಂದರೆ ಗಟ್ಟಿ. ಬೊದಕ್ ಎಂದರೆ ಒಳಗೆ ಬಿರುಕು. ಕಣ್ಣಿಗೆ ಎರಡೂ ಒಂದೇ. ಆತ ನನ್ನ ಕೈಗೂ ಒಂದು ಕೊಟ್ಟ. ತಟ್ಟಿದೆ. ನನಗೆ ಎಲ್ಲವೂ ಠಣ್ ಎಂದೇ ಕೇಳಿಸಿದವು. "ನಿಮ್ಮವಲ್ವಾ ಸ್ವಾಮಿ, ಹಂಗೇ ಕೇಳ್ತವ," ಎಂದು ಆತ ನಕ್ಕ.

ಎಲ್ಲ ತಟ್ಟಿ ಮುಗಿದಾಗ ಹದಿನೆಂಟು ಹೆಂಚು ಕಡಮೆ ಬಿದ್ದವು. ಹದಿನೆಂಟು ಹೂವಿಗಾಗಿ ನಾನು ಮೈಸೂರಿನಲ್ಲಿ ಹಳೆಯ ಮನೆ ಒಡೆದ ಸಾಮಾನು ಮಾರುವವರ ಅಂಗಡಿಗಳನ್ನು ಒಂದು ವಾರ ಸುತ್ತಿದೆ. ಬಾಗಿಲು, ಕಂಬ, ಕಿಟಕಿಯ ಸರಳು, ದೇವರಮನೆಯ ಗಂಟೆಬಾಗಿಲು, ಎಲ್ಲ ಅಲ್ಲಿ ಗೋಡೆಗೊರಗಿ ನಿಂತಿದ್ದವು. ಯಾವ ಮನೆಯವು, ಕೇಳುವವರಿಲ್ಲ. ಸೀಲಿಂಗ್ ಹೆಂಚೂ ಸಿಕ್ಕಿತು. ಆದರೆ ಅದರ ಹೂವಿಗೆ ಎಂಟು ದಳ, ನಮ್ಮದಕ್ಕೆ ಆರು. ನಮ್ಮದೇ ಅಚ್ಚಿನವು ಏಳು ದೊರೆತವು. ಇನ್ನು ಹನ್ನೊಂದು ಬೇಕು. ಮಂಗಳೂರಿನ ಮಿತ್ರರಿಗೆ ಬರೆದೆ. ಕೆಲಸ ನಿಂತಿತು. ಮೇಸ್ತ್ರಿಯ ಕೂಲಿ ಓಡುತ್ತಿತ್ತು.

ಅಷ್ಟರಲ್ಲಿ ಆ ಹುಡುಗಿ ತವರಿನಿಂದ ಬಂದಳು. ನಾನು ಅಂಗಳದಲ್ಲಿ ಹೂಹೆಂಚುಗಳನ್ನು ಜೋಡಿಸಿ, ಎಂಟು ದಳದ್ದು ಎಲ್ಲಿ ಹಾಕಿದರೆ ಕಣ್ಣಿಗೆ ಬೀಳುವುದಿಲ್ಲವೆಂದು ಲೆಕ್ಕ ಹಾಕುತ್ತಿದ್ದೆ. ಅವಳು ಒಳಗೆ ಹೋಗಿ ನಡುಮನೆಯ ನಡುವೆ ನಿಂತು ಮೇಲೆ ನೋಡಿದಳು. ಹೆಂಚಿನ್ನೂ ಪೂರ್ತಿ ಏರಿರಲಿಲ್ಲ. ಪಟ್ಟಿಗಳ ನಡುವಿನಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು. "ಎಷ್ಟ್ ಬೆಳಕಾಗದ!" ಎಂದಳು. ಆಮೇಲೆ ಮೆಲ್ಲಗೆ, "ಹೂವು ಚೆಂದಾನೇ ಸಾರ್. ಆದ್ರ ಈ ಮನೇಲಿ ಹಗಲೊತ್ತೇ ಲೈಟ್ ಹಾಕ್ಬೇಕು. ಅಕ್ಕಿ ಆರಿಸೋಕೂ ಜಗಲಿಗೇ ಹೋಗ್ಬೇಕು. ಎರಡು ಗಾಜಿನ ಹೆಂಚು ಹಾಕ್ಸುದ್ರ ಆಗಲ್ವಾ?" ಎಂದಳು.

ಗಾಜಿನ ಹೆಂಚು ಹೊಸದೇನಲ್ಲ. ಮಂಗಳೂರು ಹೆಂಚಿನ ಅಳತೆಯಲ್ಲೇ ಗಾಜಿನದೂ ಬರುತ್ತದೆ; ಸಾಲಿನಲ್ಲಿ ಒಂದನ್ನು ತೆಗೆದು ಇದನ್ನು ಕೂರಿಸಿದರಾಯಿತು. ಊರಿನಲ್ಲಿ ಎಷ್ಟೋ ಮನೆಗಳಲ್ಲಿದೆ. ನಮ್ಮ ಮನೆಯಲ್ಲಿ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಹೂಹೆಂಚು ಮುಚ್ಚಿದ ಮೇಲೆ ಗಾಜಿನ ಹೆಂಚಿನಿಂದ ಬೆಳಕು ಇಳಿಯುವುದೆಲ್ಲಿಂದ? ಹೂವು ಬೇಕು, ಇಲ್ಲವೇ ಬೆಳಕು ಬೇಕು. ತಾತ ಹೂವನ್ನು ಆರಿಸಿಕೊಂಡಿದ್ದರು. ಆ ಕತ್ತಲೆಯಲ್ಲಿ ನನ್ನ ಅಜ್ಜಿ ಐವತ್ತು ವರ್ಷ ಅಕ್ಕಿ ಆರಿಸಿದರು. ಅವರೂ ಮೊರ ತೆಗೆದುಕೊಂಡು ಜಗಲಿಗೆ ಬರುತ್ತಿದ್ದರೆಂಬುದು ನನಗೆ ಆಗ ನೆನಪಾಯಿತು. ಬೀದಿ ನೋಡುವ ಆಸೆಗೆ ಬರುತ್ತಾರೆಂದು ನಾವು ಮಕ್ಕಳೆಲ್ಲ ನಗುತ್ತಿದ್ದೆವು.

ಮನೆಯ ಮಾಡನ್ನು ಯಜಮಾನ ನೋಡುವುದು ಹೊರಗಿನಿಂದ, ಬೀದಿಯಲ್ಲಿ ನಿಂತು. ನೋಡಿ, ಆಹಾ ಎಂದು ಹೊರಟುಹೋಗುತ್ತಾನೆ. ಅದನ್ನು ಕೆಳಗಿನಿಂದ, ದಿನವೂ, ಬೆನ್ನಿನ ಮೇಲೆ ಮಲಗಿ ನೋಡುವವರು ಬೇರೆ. ಸೋರುವುದು, ಉದುರುವುದು, ಕತ್ತಲೆಯಾಗುವುದು ಅವರಿಗೆ ಮಾತ್ರ ಕಾಣುತ್ತದೆ. ನಾನು ರಜೆಯ ಹುಡುಗನಾಗಿ ಅದನ್ನು ನೋಡಿದ್ದೆ; ಆಮೇಲೆ ಮಾಲೀಕನಾಗಿ ನೋಡಿದೆ. ಅದರ ಕೆಳಗೆ ಸಂಸಾರ ಮಾಡಿದವನಾಗಿ ಒಂದು ದಿನವೂ ನೋಡಿರಲಿಲ್ಲ.

ಮೇಸ್ತ್ರಿಯನ್ನು ಕರೆದೆ. ನಡುಮನೆಯ ಎರಡು ಕಡೆ ಹೂಹೆಂಚು ಬಿಟ್ಟು, ನೇರ ಮೇಲೆ ಗಾಜಿನ ಹೆಂಚು ಹಾಕುವುದೆಂದಾಯಿತು. ಒಂದೊಂದು ಕಡೆಗೆ ನಾಲ್ಕು ಹೂಹೆಂಚು ಬಿಟ್ಟುಹೋದವು. ಹನ್ನೊಂದು ಬೇಕಿದ್ದದ್ದು ಮೂರಕ್ಕೆ ಇಳಿಯಿತು. ಆ ಮೂರು ಕಡೆ ಎಂಟು ದಳದ ಹೂವನ್ನೇ ಹಾಕಿಸಿದೆ, ಬಾಗಿಲ ಮೇಲ್ಗಡೆಯ ಮೂಲೆಗೆ. ಯಾರೂ ಇದುವರೆಗೆ ದಳ ಎಣಿಸಿಲ್ಲ. ತೊಲೆಯ ಬಳೆಯ ನೇರಕ್ಕೆ ಹೂಹೆಂಚೇ ಬೇಡವೆಂದು ಮೇಸ್ತ್ರಿ ಹೇಳಿದ್ದನ್ನು ಒಪ್ಪಿ, ಅಲ್ಲಿ ನಾಲ್ಕು ಸಾಲು ಬರಿಯ ಹಲಗೆ ಹೊಡೆಸಿದೆ. ಅಲ್ಲಿ ತೆಗೆದ ಗಟ್ಟಿ ಹೆಂಚುಗಳನ್ನು ಮುಂದೆ ಬೇಕಾದೀತೆಂದು ಕೊಟ್ಟಿಗೆಯಲ್ಲ ಜೋಡಿಸಿಟ್ಟಿದ್ದೇವೆ. ಹೀಗೆ ಹೂಹೆಂಚಿನ ಮನೆಯ ನೆತ್ತಿ ಈಗ ಹೂವು, ಗಾಜು, ಹಲಗೆ ಎಲ್ಲ ಕಲೆತು ತೇಪೆ ಹಾಕಿದ ಕೌದಿಯಂತಿದೆ. ನೋಡಲು ಮೊದಲಿನಷ್ಟು ಚೆಲುವಲ್ಲ.

ಕೆಲಸ ಮುಗಿದ ದಿನ ಕೂಲಿ ಚುಕ್ತಾ ಮಾಡಿ, ಹೊರಡುವ ಮುಂಚೆ ಕಾಫಿಗೆ ಕೂತಿದ್ದೆ. ಗಂಡ ಹೆಂಡತಿ ಇಬ್ಬರೂ ಏನೋ ಹೇಳಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕಡೆಗೆ ಅವಳೇ ಕೇಳಿದಳು: "ಬಾಡ್ಗ ಎಷ್ಟ್ ಏರಿಸ್ತೀರಾ ಸಾರ್?"

"ಅದನ್ನು ಯಾಕವ್ವ ಈಗ ಕೇಳ್ತೀಯ?" ಎಂದೆ.

"ಹೆಂಚು ವಾಲಿದ್ದಾಗಲೇ ಹೇಳ್ಬೇಕು ಅಂತಿದ್ವಿ. ಇನ್ನೊಂದ್ಸಲ ಹೇಳುದ್ರ ರಿಪೇರಿ ಮಾಡ್ಸಿ ಬಾಡ್ಗ ಏರಿಸ್ಬುಡ್ತೀರಾ, ಇಲ್ಲಾಂದ್ರ ಬಿಡಿ ಅಂದ್ಬುಡ್ತೀರಾ ಅಂತ ಸುಮ್ನಿದ್ವಿ. ಜೋಲಿನ ಒಂದೀಟು ಈಚೆಗೆ ಕಟ್ಟಿದ್ವಿ."

ಆ 'ಒಂದೀಟು ಈಚೆಗೆ' ಎಂಬುದೇ ನಾನು ಅಳೆದ ಎರಡು ಗೇಣು. ನನ್ನ ಪುಣ್ಯವೆಂದು ನಾನು ತಿಳಿದಿದ್ದದ್ದು ಅವರು ಹೆದರಿ ಹೆದರಿ ಮಾಡಿಕೊಂಡಿದ್ದ ಏರ್ಪಾಡು. ನಿಜ ಹೇಳಬೇಕೆಂದರೆ, ಆ ದಿನ ರೈಲಿನಲ್ಲಿ ಬರುವಾಗ ಐನೂರು ರೂಪಾಯಿ ಹೆಚ್ಚು ಮಾಡುವ ಲೆಕ್ಕ ನನ್ನ ಜೇಬಿನಲ್ಲೇ ಇತ್ತು. ಮನೆಯಾಕೆ ಬರೆದುಕೊಟ್ಟಿದ್ದಳು: ಮರ ಇಷ್ಟು, ಕೂಲಿ ಇಷ್ಟು, ಗಾಜು ಇಷ್ಟು, ಎಷ್ಟು ತಿಂಗಳಲ್ಲಿ ಮುಟ್ಟುತ್ತದೆ ಎಂದು. ಲೆಕ್ಕ ತಪ್ಪಾಗಿರಲಿಲ್ಲ. ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಕರಾರು ಮುಗಿಯುವವರೆಗೆ ಏರಿಸುವುದಿಲ್ಲ, ಮುಗಿದ ಮೇಲೆ ಮಾತಾಡಿಕೊಂಡು ಮಾಡೋಣ ಎಂದೆ. ಇದು ದೊಡ್ಡ ಔದಾರ್ಯವೇನಲ್ಲ. ಕರಾರು ಮುಗಿಯಲು ಇನ್ನು ಏಳೇ ತಿಂಗಳಿತ್ತು.

ಹೊಸ ಕರಾರಿನಲ್ಲಿ ಒಂದು ಸಾಲು ಸೇರಿಸಲು ವಕೀಲಮಿತ್ರರಿಗೆ ಹೇಳಿದ್ದೇನೆ: ಮನೆಯ ಮಾಡು, ಜಂತೆ, ಸೀಲಿಂಗುಗಳ ರಿಪೇರಿ ಮಾಲೀಕನದು, ಬಾಡಿಗೆದಾರರು ತಿಳಿಸಿದ ಹದಿನೈದು ದಿನದೊಳಗೆ ಬಂದು ನೋಡತಕ್ಕದ್ದು. "ಇದರಿಂದ ನಿನ್ನನ್ನು ನೀನೇ ಕಟ್ಟಿಹಾಕಿಕೊಳ್ಳುತ್ತೀಯೆ," ಎಂದು ಅವರು ಎಚ್ಚರಿಸಿದರು. ನನಗೂ ಗೊತ್ತು. ಕಟ್ಟಿಹಾಕದಿದ್ದರೆ ನಾನು ಮತ್ತೆ ಯುಗಾದಿಗೆ ಹೋಗುವವನು.

ಹೊರಡುವಾಗ ಬೆಳಗಿನ ಹತ್ತು ಗಂಟೆಯಿರಬಹುದು. ಗಾಜಿನ ಹೆಂಚಿನಿಂದ ಬಿಸಿಲು ಇಳಿದು ನಡುಮನೆಯ ಗಾರೆಯ ಮೇಲೆ ಒಂದು ಚೌಕವಾಗಿ ಬಿದ್ದಿತ್ತು. ಹೆಂಚು ಬಿದ್ದು ಗುಳಿಯಾದ ಜಾಗ ಆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅದಕ್ಕೂ ಸಿಮೆಂಟು ಮೆತ್ತಿಸಲೇ ಎಂದು ಕೇಳಿದೆ. ಬೇಡವೆಂದಳು. ಆ ಗುಳಿಯ ಪಕ್ಕದಲ್ಲಿ ಮೊರ ಇಟ್ಟುಕೊಂಡು ಕೂತು ಅವಳು ಆಗಲೇ ಅಕ್ಕಿ ಆರಿಸುತ್ತಿದ್ದಳು.